ಬೀಚ್ ಓಪನ್ ಇದೆಯೇ?

ಕರಾವಳಿಯಲ್ಲಿ ಮನೆಯಿರುವ ಪ್ರತಿಯೊಬ್ಬರಿಗೂ ಘಟ್ಟದ ಮೇಲಿನ ನೆಂಟರು ಒಪ್ಪಿಸಿರುವ ಒಂದು ಗೌರವ ಹುದ್ದೆಯಿದೆ. ಅದಕ್ಕೆ ಸಂಬಳವಿಲ್ಲ, ನಿವೃತ್ತಿಯೂ ಇಲ್ಲ. ಶುಕ್ರವಾರ ಸಂಜೆಯಾಗುತ್ತಲೇ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಫೋನ್ ಬರುತ್ತದೆ; ಊಟವಾಯಿತೇ, ಮಳೆ ಹೇಗೆ ಎಂಬ ಉಪಚಾರದ ಮಾತು ಮುಗಿಯುವ ಮೊದಲೇ "ಮಾವ, ಮಲ್ಪೆ ಬೀಚ್ ಓಪನ್ ಇದೆಯಾ?" ಎಂಬ ನಿಜವಾದ ಪ್ರಶ್ನೆ ಹೊರಬೀಳುತ್ತದೆ. ಅರಬ್ಬೀ ಸಮುದ್ರಕ್ಕೆ ರೋಲಿಂಗ್ ಶಟರ್ ಇಲ್ಲ, ವಾರದ ರಜೆಯೂ ಇಲ್ಲ ಎಂದು ಮೊದಮೊದಲು ನಾವು ನಗೆಯಾಡುತ್ತಿದ್ದೆವು. ಈಗ ನಗುವುದಿಲ್ಲ. ಕೇಳುವವರ ಪ್ರಶ್ನೆ ಸರಿಯಾಗಿಯೇ ಇದೆ. ಸಮುದ್ರವನ್ನು ತೆರೆಯುವ ಮತ್ತು ಮುಚ್ಚುವ ವಿದ್ಯೆಯನ್ನು ನಮ್ಮ ಆಡಳಿತ ನಿಜವಾಗಿಯೂ ಸಿದ್ಧಿಸಿಕೊಂಡಿದೆ.

ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಜೂನ್ ಬರುತ್ತಿದ್ದಂತೆ ನೀರಿಗಿಳಿಯುವುದನ್ನು ನಿಷೇಧಿಸುವ ಆದೇಶ ಹೊರಡುತ್ತದೆ, ಕೆಂಪು ಬಾವುಟಗಳು ಏಳುತ್ತವೆ, ಮಲ್ಪೆಯಲ್ಲಿ ತೀರದುದ್ದಕ್ಕೂ ಬಲೆ ಕಟ್ಟಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುವುದರಿಂದ ಮೀನು ಹಿಡಿಯುವ ಬಲೆಗೂ ಆಗ ಕೆಲಸವಿರುವುದಿಲ್ಲ. ಆ ಎರಡು ತಿಂಗಳು ಅದು ಪ್ರವಾಸಿಗರನ್ನಾದರೂ ಹಿಡಿಯಲಿ ಎಂಬ ಏರ್ಪಾಡು ಮೆಚ್ಚತಕ್ಕದ್ದೇ. ಬಲೆಯ ಬಗ್ಗೆ ನನಗೆ ತಕರಾರಿಲ್ಲ, ಆಷಾಢದ ಕಡಲಿಗೆ ಇಳಿಯಬೇಡಿ ಎನ್ನುವುದರ ಬಗ್ಗೆಯಂತೂ ಇಲ್ಲವೇ ಇಲ್ಲ. ನನ್ನ ತಕರಾರಿರುವುದು ತೀರತೀರದಲ್ಲಿಯೂ ನಿಂತಿರುವ ಫಲಕದ ಬಗ್ಗೆ.

ಆ ಫಲಕವನ್ನು ನೀವೂ ನೋಡಿದ್ದೀರಿ. ಸಮುದ್ರವು ಪ್ರಕ್ಷುಬ್ಧವಾಗಿರುವುದರಿಂದ ನೀರಿಗಿಳಿಯುವುದನ್ನು ನಿಷೇಧಿಸಲಾಗಿದೆ, ಆದೇಶದ ಮೇರೆಗೆ, ಎಂದು ಅದರಲ್ಲಿ ಬರೆದಿರುತ್ತದೆ. ಜುಲೈಯಲ್ಲಿ ಆ ಮಾತು ಸತ್ಯ. ಜನವರಿಯಲ್ಲಿ ನೀರು ಕದಲದೆ ಮಲಗಿ, ಅಜ್ಜಿಯರು ಸೀರೆಯ ನಿರಿಗೆ ಎತ್ತಿ ಹಿಡಿದು ಪಾದ ತೋಯಿಸಿಕೊಳ್ಳುತ್ತಿರುವಾಗಲೂ ಫಲಕಕ್ಕೆ ಸಮುದ್ರ ಪ್ರಕ್ಷುಬ್ಧವಾಗಿಯೇ ಕಾಣುತ್ತಿರುತ್ತದೆ. ಮಾರ್ಚಿನಲ್ಲಿ ಅದರ ಬುಡದಲ್ಲೇ ಜಲಕ್ರೀಡೆಯ ಟಿಕೆಟ್ ಹರಿಯಲಾಗುತ್ತದೆ. ಉಪ್ಪುಗಾಳಿಗೆ ತಗಡು ತುಕ್ಕು ಹಿಡಿದು 'ನಿಷೇಧಿಸಲಾಗಿದೆ'ಯಲ್ಲಿ ಅರ್ಧ ಉದುರಿ 'ಲಾಗಿದೆ' ಮಾತ್ರ ಉಳಿದಿದ್ದರೂ, ಕೆಳಗಡೆ ಫಲಕವನ್ನು ದಾನ ಮಾಡಿದವರ ಹೆಸರು ಮಾತ್ರ ಅಚ್ಚಳಿಯದೆ ಇರುತ್ತದೆ. ವರ್ಷದ 365 ದಿನವೂ ಅಪಾಯ ಎನ್ನುವ ಫಲಕ ಯಾವ ದಿನದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ ಎಂಬುದನ್ನು ಅದನ್ನು ನೆಟ್ಟವರೂ ಬಲ್ಲರು. ಅವರು ಅದನ್ನು ಬರೆಸಿದ್ದು ಸ್ನಾನಕ್ಕೆ ಬಂದವನು ಓದಲಿ ಎಂದಲ್ಲ, ಅವಘಡದ ಮರುದಿನ ಬರುವ ವಿಚಾರಣಾಧಿಕಾರಿ ಓದಲಿ ಎಂದು. ಎಚ್ಚರಿಕೆ ಕೊಟ್ಟಿದ್ದೆವು, ಫೋಟೊ ಇದೆ, ನೋಡಿ.

ಹಾಗಾದರೆ ಇವತ್ತಿನ ಕಡಲಿನ ಸ್ಥಿತಿ ಯಾರಿಗೂ ಗೊತ್ತಿಲ್ಲವೇ? ಗೊತ್ತಿದೆ, ಅತ್ಯಂತ ಕೂಲಂಕಷವಾಗಿ ಗೊತ್ತಿದೆ, ಆದರೆ ಹೈದರಾಬಾದಿನಲ್ಲಿ. ಸಮುದ್ರದ ಗಾಳಿಯೂ ತಾಗದ ಆ ನಗರದಲ್ಲಿ 1999ರಿಂದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಎಲ್ಲರೂ ಇನ್‌ಕಾಯ್ಸ್ ಎಂದು ಕರೆಯುವ ಸಂಸ್ಥೆ, ಕೆಲಸ ಮಾಡುತ್ತಿದೆ. ದೇಶದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವೂ ಅಲ್ಲಿಯದೇ. ಅಲೆ ಎಷ್ಟು ಎತ್ತರ, ಯಾವ ದಿಕ್ಕಿನಿಂದ, ಎಷ್ಟು ಸೆಕೆಂಡಿಗೊಂದರಂತೆ ಬರುತ್ತದೆ, ಗಾಳಿಯ ವೇಗವೇನು ಎಂಬುದನ್ನೆಲ್ಲ ಅಲ್ಲಿನ ವಿಜ್ಞಾನಿಗಳು ದಿನದಿನವೂ ಲೆಕ್ಕ ಹಾಕಿ ಮುಂದಿನ ದಿನಗಳ ಮುನ್ಸೂಚನೆ ಕೊಡುತ್ತಾರೆ, ಎತ್ತರದ ಅಲೆಗಳ ಎಚ್ಚರಿಕೆಯನ್ನು ಬೇರೆಯಾಗಿಯೇ ಹೊರಡಿಸುತ್ತಾರೆ, ಮೊಬೈಲ್ ಆ್ಯಪ್ ಮಾಡಿ ಪುಕ್ಕಟೆಯಾಗಿ ಹಂಚಿದ್ದಾರೆ. ಈ ಅಂಕಿಗಳು ಹೈದರಾಬಾದಿನಿಂದ ಹೊರಟು, ರಾಜ್ಯ ದಾಟಿ, ಜಿಲ್ಲೆಯ ಕಂಟ್ರೋಲ್ ರೂಮಿನ ಕಂಪ್ಯೂಟರಿನವರೆಗೆ ಯಾವ ತೊಂದರೆಯೂ ಇಲ್ಲದೆ ಬರುತ್ತವೆ. ಅಲ್ಲಿಂದ ಮರಳಿನವರೆಗಿನ ಕೊನೆಯ ಕೆಲವು ಕಿಲೋಮೀಟರ್ ಮಾತ್ರ ಅವುಗಳಿಂದ ಕ್ರಮಿಸಲಾಗುವುದಿಲ್ಲ.

ಅವು ಕ್ರಮಿಸಿದರೆ ಏನಾಗುತ್ತಿತ್ತು ಎಂಬುದನ್ನು ತಿಳಿಯಲು ಮೂಲ್ಕಿಯ ಹುಡುಗರನ್ನು ನೋಡಬೇಕು. ದೇಶದ ಮೊದಲ ಸರ್ಫ್ ಕ್ಲಬ್ಬುಗಳಲ್ಲಿ ಒಂದು ಹುಟ್ಟಿದ್ದು ಅಲ್ಲಿಯ ಆಶ್ರಮವೊಂದರಲ್ಲಿ. ಹಲಗೆಯೇರಿ ಅಲೆಯ ಮೇಲೆ ಜಾರುವ ಹುಡುಗನಿಗೆ ಬೆಳಗ್ಗೆ ಎದ್ದೊಡನೆ ಕಡಲಿನ ಜಾತಕ ನೋಡದೆ ದಿನ ಆರಂಭವಾಗುವುದಿಲ್ಲ. ಮುನ್ಸೂಚನೆಯಲ್ಲಿ ಅಲೆಯ ಎತ್ತರ ಒಂದೂವರೆ ಮೀಟರ್ ಎಂದಿದ್ದರೆ ಅದು ಅತಿ ಎತ್ತರದ ಮೂರನೇ ಒಂದು ಭಾಗದಷ್ಟು ಅಲೆಗಳ ಸರಾಸರಿ ಮಾತ್ರ, ನಡುವೆ ಒಂದು ಅಲೆ ಅದರ ಇಮ್ಮಡಿಯ ಹತ್ತಿರಕ್ಕೂ ಏಳಬಹುದು ಎಂಬುದು ಅವನಿಗೆ ಗೊತ್ತು. ಆರು ಸೆಕೆಂಡಿಗೊಂದು ಬರುವ ಅಲೆ ಇಲ್ಲಿಯ ಗಾಳಿಯೇ ಎಬ್ಬಿಸಿದ್ದು, ಹದಿನಾರು ಸೆಕೆಂಡಿಗೊಂದು ಬರುವುದು ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಹುಟ್ಟಿ ದಿನಗಟ್ಟಲೆ ಪಯಣಿಸಿ ಬಂದದ್ದು, ಎತ್ತರ ಒಂದೇ ಇದ್ದರೂ ಎರಡನೆಯದರ ಬಲವೇ ಬೇರೆ ಎಂಬುದೂ ಗೊತ್ತು. ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ, ನಿನ್ನೆಗಿಂತ ಇವತ್ತು ಸುಮಾರು 50 ನಿಮಿಷ ತಡ ಎಂಬುದನ್ನು ಅವನು ಬಾಯಿಪಾಠ ಹೇಳುತ್ತಾನೆ. ಹತ್ತನೆಯ ತರಗತಿಯ ಗಣಿತದಲ್ಲಿ ಅವನಿಗೆ ಎಷ್ಟು ಅಂಕ ಬಂದಿತ್ತೆಂದು ನಾನು ವಿಚಾರಿಸಿಲ್ಲ. ವಿಚಾರಿಸುವ ಅಗತ್ಯ ನಮ್ಮ ಅಧಿಕಾರಿಗಳಿಗಿದೆ. ಈ ಅಂಕಿಗಳು ಸಾಮಾನ್ಯ ಜನರಿಗೆ ಅರ್ಥವಾಗುವುದಿಲ್ಲ ಎಂಬುದು ಅವರ ಕಾಯಂ ಉತ್ತರ.

ಇನ್ನೂ ಸೊಗಸಾದ ಸಂಗತಿ ಮೇ ತಿಂಗಳ ಕೊನೆಯಲ್ಲಿ ನಡೆಯುತ್ತದೆ. 2016ರಲ್ಲಿ ಸಸಿಹಿತ್ಲಿನಲ್ಲಿ ಆರಂಭವಾದ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಅಲ್ಲಿಯೋ ಪಣಂಬೂರಿನಲ್ಲಿಯೋ ಸಾಮಾನ್ಯವಾಗಿ ಆ ದಿನಗಳಲ್ಲೇ ಜರಗುತ್ತದೆ, ಏಕೆಂದರೆ ಮುಂಗಾರು ಹೊಸ್ತಿಲಿಗೆ ಬಂದಾಗಲೇ ಒಳ್ಳೆಯ ಅಲೆ ಸಿಗುವುದು. ಹೀಗಾಗಿ ಒಂದೇ ವಾರ, ಒಂದೇ ಕಡಲು, ಒಂದೇ ಅಲೆ: ವೇದಿಕೆಯ ಮೇಲೆ ಅದು ವಿಶ್ವದರ್ಜೆಯ ಅಲೆ, ನಾಡಿನ ಹೆಮ್ಮೆ, ಸಾಹಸ ಪ್ರವಾಸೋದ್ಯಮದ ಭವಿಷ್ಯ, ನಾಲ್ಕು ಮಾರು ಆಚೆಯ ಫಲಕದಲ್ಲಿ ಅದು ನಿಷೇಧಿತ ವಸ್ತು. ಇದರಲ್ಲಿ ವಿರೋಧವೇನೂ ಇಲ್ಲ. ಒಂದು ಅಲೆ ಒಬ್ಬನಿಗೆ ಆಟವೂ ಇನ್ನೊಬ್ಬನಿಗೆ ಮೃತ್ಯುವೂ ಆಗಬಲ್ಲದು, ನೀರಿನ ಸ್ವಭಾವವೇ ಅದು. ಆದರೆ ಆ ವ್ಯತ್ಯಾಸವನ್ನು ಬಿಡಿಸಿ ಹೇಳುವ ಒಂದು ವಾಕ್ಯವನ್ನಾದರೂ ಸಮಾರಂಭಕ್ಕೆ ಬಂದ ಸಾವಿರಾರು ಜನರಿಗೆ ಯಾರಾದರೂ ಹೇಳಬಹುದಿತ್ತು. ಹಾರ, ಶಾಲು, ಸ್ಮರಣಿಕೆಗಳ ನಡುವೆ ಅದಕ್ಕೆ ಸಮಯ ಸಾಲುವುದಿಲ್ಲ.

ಇನ್ನು ಬಣ್ಣಗಳ ವಿಷಯ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಕರಾವಳಿಯಲ್ಲಿ ಜಾತ್ರೆಯ ದಿನಾಂಕಗಳಿಗಿಂತ ಹೆಚ್ಚು ಜನಪ್ರಿಯ. 24 ಗಂಟೆಯಲ್ಲಿ 204.4 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸಂಭವವಿದ್ದರೆ ಕೆಂಪು ಎಂಬ ಲೆಕ್ಕವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಕೆಂಪು ಎಂದರೆ ಶಾಲೆಗೆ ರಜೆ, ಅಷ್ಟೇ. ಜುಲೈ ತಿಂಗಳ ರಾತ್ರಿ ಎಂಟು ಗಂಟೆಯ ಮೇಲೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲಾಧಿಕಾರಿಗಳಷ್ಟು ಪ್ರೀತಿಪಾತ್ರರಾದ ವ್ಯಕ್ತಿಗಳು ನಾಡಿನಲ್ಲಿ ಬೇರೆ ಯಾರೂ ಇರುವುದಿಲ್ಲ. ದೇವರಿಗೆ ಹರಕೆ ಹೊತ್ತ ಮಕ್ಕಳು ಅವರ ಸಹಿಯ ಪ್ರಕಟಣೆಗಾಗಿ ಊಟ ಬಿಟ್ಟು ಕಾಯುತ್ತಾರೆ, ಕಾಯಲಾರದವರು ಹೋದ ವರ್ಷದ ಪ್ರಕಟಣೆಯ ದಿನಾಂಕ ತಿದ್ದಿ ತಾವೇ ರಜೆ ಘೋಷಿಸಿಕೊಂಡು ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಬಿಡುತ್ತಾರೆ, ನಂತರ ಆ ಪ್ರಕಟಣೆ ಸುಳ್ಳೆಂದು ಜಿಲ್ಲಾಡಳಿತ ಇನ್ನೊಂದು ಪ್ರಕಟಣೆ ಹೊರಡಿಸಬೇಕಾಗುತ್ತದೆ, ಅದೂ ಸುಳ್ಳಿರಬಹುದೆಂದು ತಾಯಂದಿರು ಶಿಕ್ಷಕರಿಗೆ ಫೋನ್ ಮಾಡುತ್ತಾರೆ, ಶಿಕ್ಷಕರು ತಮಗೂ ರಜೆಯಿದೆಯೇ ಎಂಬ ಹೆಚ್ಚು ಗಹನವಾದ ಚಿಂತೆಯಲ್ಲಿರುತ್ತಾರೆ. ರಜೆ ಘೋಷಣೆಯಾದ ಬೆಳಗ್ಗೆ ಬಿಸಿಲು ಬರುವುದೂ, ಘೋಷಣೆಯಾಗದ ಬೆಳಗ್ಗೆ ಗುಡ್ಡ ಕುಸಿಯುವಷ್ಟು ಸುರಿಯುವುದೂ ಇಲ್ಲಿಯ ವಾಡಿಕೆ. ಹಾಗೆ ಬಿಸಿಲು ಬಂದಾಗ, ಮಳೆಯಿಂದ ರಕ್ಷಿಸಲೆಂದು ಮನೆಯಲ್ಲಿ ಉಳಿಸಿದ ಕಾಲೇಜು ಹುಡುಗರು ಎಲ್ಲಿಗೆ ಹೋಗುತ್ತಾರೆ? ಬೀಚಿಗೆ.

ಕೆಂಪು ಬಣ್ಣ ಹೇಳುವುದು ಮಳೆಯ ಕತೆಯನ್ನು, ಅಲೆಯ ಕತೆಯನ್ನಲ್ಲ. ಮಳೆಯ ಲೆಕ್ಕ ಹವಾಮಾನ ಇಲಾಖೆಯದ್ದು, ಅಲೆಯ ಲೆಕ್ಕ ಇನ್‌ಕಾಯ್ಸ್‌ನದ್ದು. ಎರಡೂ ಕೇಂದ್ರದ ಒಂದೇ ಸಚಿವಾಲಯದ ಮಕ್ಕಳಾದರೂ ಹೇಳುವ ವಿಷಯ ಬೇರೆ. ಭಾರಿ ಮಳೆಯ ದಿನ ಕಡಲು ಸುಮ್ಮನಿರಬಹುದು, ಒಂದು ಹನಿಯೂ ಬೀಳದ ದಿನ ದಡವನ್ನೇ ನುಂಗುವಂತೆ ಏರಬಹುದು. ನಮ್ಮ ಪ್ರವಾಸಿ ಮಾತ್ರ ಫೋನ್ ತೆಗೆದು ಊರಿನ ಹೆಸರು ಒತ್ತಿ, ಅಲ್ಲಿ ನಗುವ ಸೂರ್ಯನ ಚಿತ್ರ ಕಂಡರೆ ಟವೆಲ್ ಹಿಡಿದು ಹೊರಡುತ್ತಾನೆ. ಟಿವಿ ಹಾಕಿದರೆ ಇನ್ನೂ ಚೆಂದ: ವರದಿಗಾರ ಮಿತ್ರ ಮೊಣಕಾಲುದ್ದದ ನೀರಿನಲ್ಲಿ ನಿಂತು, ಪ್ರತಿ ಅಲೆಗೂ ತೂರಾಡುತ್ತ, ವೀಕ್ಷಕರೇ ಯಾರೂ ನೀರಿಗಿಳಿಯಬೇಡಿ ಎಂದು ಬೊಬ್ಬೆ ಹೊಡೆಯುತ್ತಿರುತ್ತಾನೆ.

ಪ್ರವಾಸಿಯ ಪರವಾಗಿ ವಾದಿಸುವ ಉದ್ದೇಶ ನನಗಿಲ್ಲ. ಜೀವರಕ್ಷಕ ಸೀಟಿ ಊದಿ ಕರೆದಾಗ "ನಾವು 400 ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದಿದ್ದೇವೆ ಗುರುಗಳೇ" ಎಂದು ಅವನು ಕೊಡುವ ಉತ್ತರವನ್ನು ಕೇಳಿದವರಿಗೆ, ದೂರವನ್ನು ಪರಿಗಣಿಸಿ ರಿಯಾಯಿತಿ ಕೊಡುವ ಅಭ್ಯಾಸ ಸಮುದ್ರಕ್ಕಿದೆಯೆಂದು ಅವನಿಗೆ ಯಾರು ಹೇಳಿದರೋ ಎಂಬ ಆಶ್ಚರ್ಯವಾಗುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಮೇಲೆಯೇ ಕಾರು ನಿಲ್ಲಿಸಿ, ಪಾಚಿಗಟ್ಟಿದ ತಡೆಗೋಡೆಯ ಕಲ್ಲುಗಳ ಮೇಲೆ ಚಪ್ಪಲಿಯಲ್ಲಿ ನಡೆದು ಸೆಲ್ಫಿ ತೆಗೆದುಕೊಳ್ಳುವವರ ಧೈರ್ಯಕ್ಕೆ ನೌಕಾಪಡೆಯೂ ತಲೆಬಾಗಬೇಕು.

ಆದರೆ ಮುನ್ಸೂಚನೆ ಓದುವುದರಲ್ಲಿ ಪ್ರವಾಸಿಗಿಂತ ಆಡಳಿತ ಮುಂದಿದೆಯೆಂದು ಯಾರೂ ತಿಳಿಯಬಾರದು. 2022ರ ಮೇ ತಿಂಗಳಲ್ಲಿ ಮಲ್ಪೆಯಲ್ಲಿ ರಾಜ್ಯದ ಮೊದಲ ತೇಲುವ ಸೇತುವೆಯನ್ನು ಉದ್ಘಾಟಿಸಲಾಯಿತು. ಮೇ ಅಂದರೆ ಚಂಡಮಾರುತಗಳ ಕಾಲ; ಆ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಅಸಾನಿ ಹುಟ್ಟುತ್ತಿತ್ತು. ಮುಹೂರ್ತ ನೋಡಿದವರು ರಾಹುಕಾಲವನ್ನು ತಪ್ಪಿಸಿದ್ದಿರಬೇಕು, ಅಲೆಯ ಮುನ್ಸೂಚನೆಯನ್ನು ನೋಡಲಿಲ್ಲ. ಮೂರೇ ದಿನದಲ್ಲಿ ಅಲೆಗಳು ಸೇತುವೆಯನ್ನು ಬಿಡಿಬಿಡಿಯಾಗಿ ದಡಕ್ಕೆ ತಂದು ಹಾಕಿದವು. ಯಾರ ಪ್ರಾಣಕ್ಕೂ ಹಾನಿಯಾಗಲಿಲ್ಲವಾದ್ದರಿಂದ ಆ ಪ್ರಸಂಗವನ್ನು ನಗುತ್ತ ನೆನೆಯಬಹುದು.

ಎಲ್ಲವನ್ನೂ ಹಾಗೆ ನೆನೆಯಲಾಗುವುದಿಲ್ಲ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಗಣಪತಿಪುರಂ ಬಳಿಯ ತೀರದಲ್ಲಿ ಐವರು ಯುವ ವೈದ್ಯಕೀಯ ವಿದ್ಯಾರ್ಥಿಗಳು ನೀರುಪಾಲಾದರು. ಅದು ಮಳೆಗಾಲವಲ್ಲ. ಕೇರಳದವರು ಕಳ್ಳಕ್ಕಡಲ್ ಎನ್ನುವ, ದಕ್ಷಿಣ ಸಾಗರದಿಂದ ಸದ್ದಿಲ್ಲದೆ ಬರುವ ಅಲೆಗಳ ಬಗ್ಗೆ ಇನ್‌ಕಾಯ್ಸ್ ಆ ವಾರಾಂತ್ಯಕ್ಕೆ ಎಚ್ಚರಿಕೆ ಹೊರಡಿಸಿತ್ತು. ಅದೇ ವರ್ಷ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಹುಡುಗಿಯರು ಸತ್ತರು. ಹತ್ತನೆಯ ತರಗತಿಗೂ ಕಾಲಿಟ್ಟಿರದ ಅಥವಾ ಆಗತಾನೇ ಇಟ್ಟಿದ್ದ ವಯಸ್ಸಿನವರು. ಬಯಲುಸೀಮೆಯ ಆ ಮಕ್ಕಳು ಕೆರೆ ಕಂಡವರೇ ಹೊರತು ಕಡಲು ಕಂಡವರಲ್ಲ. ಆಮೇಲೆ ಏನೇನಾಯಿತೆಂದು ಎಲ್ಲರಿಗೂ ಗೊತ್ತು: ಶಿಕ್ಷಕರ ಬಂಧನವಾಯಿತು, ಐದು ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ತೀರವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. ಮಕ್ಕಳನ್ನು ಕರೆತಂದ ಶಿಕ್ಷಕರ ಹೊಣೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಆ ಸಂಜೆ ಆ ನೀರು ಹೇಗಿದೆ, ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂದು ಮುಳಬಾಗಿಲಿನ ಶಿಕ್ಷಕರು ಯಾವ ಅಂಕಿಯನ್ನು, ಯಾವ ಫಲಕದಲ್ಲಿ ಓದಿ ತಿಳಿಯಬೇಕಿತ್ತು? ಬಾವುಟ ಕೆಂಪಾಗಿರುವುದು ಇವತ್ತಿನ ಅಪಾಯಕ್ಕೋ ಹೋದ ಜೂನಿನ ಅಪಾಯಕ್ಕೋ ಎಂದು ಹೊರಗಿನವರಿಗೆ ತಿಳಿಯುವುದು ಹೇಗೆ? ಇದನ್ನು ಬರೆಯುತ್ತ ಬರೆಯುತ್ತ ಬೇಸರವಾಗುತ್ತದೆ. ಪ್ರತಿ ಸಲವೂ ಇದೇ ಪ್ರಶ್ನೆ, ಪ್ರತಿ ಸಲವೂ ಇನ್ನೊಂದು ತಗಡಿನ ಫಲಕ.

ಮುಳುಗುವವರಲ್ಲಿ ಬಹಳ ಮಂದಿಯನ್ನು ಕೊಲ್ಲುವುದು ಟಿವಿಯಲ್ಲಿ ತೋರಿಸುವ ಅಬ್ಬರದ ಅಲೆಯಲ್ಲ. ದಡಕ್ಕೆ ಬಂದು ಒಡೆದ ಅಲೆಗಳ ನೀರು ಹಿಂದಿರುಗಲೇಬೇಕಲ್ಲವೇ. ಅದು ಮರಳದಿಬ್ಬದ ನಡುವೆ ಎಲ್ಲೋ ಒಂದು ಕಂಡಿ ಹುಡುಕಿಕೊಂಡು, ಅಲ್ಲಿಂದ ಹೊಳೆಯಾಗಿ ಆಳಕ್ಕೆ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೊರೆಯೇಳುವುದಿಲ್ಲ. ಎರಡು ಬದಿಯ ಅಬ್ಬರದ ನಡುವೆ ಅಲ್ಲಿ ಮಾತ್ರ ನೀರು ಸಾಧುವಾಗಿ ಕಾಣುವುದರಿಂದ, ಎಚ್ಚರಿಕೆಯುಳ್ಳ ತಾಯಿ ತಂದೆಯರು ಮಕ್ಕಳ ಕೈ ಹಿಡಿದು ಸರಿಯಾಗಿ ಅಲ್ಲಿಯೇ ಇಳಿಸುತ್ತಾರೆ. ಸೆಳೆತಕ್ಕೆ ಸಿಕ್ಕಿದವನು ದಡದತ್ತ ಎದುರು ಈಜಿದರೆ ಪಳಗಿದ ಈಜುಗಾರನಾದರೂ ಸೋಲುತ್ತಾನೆ; ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ, ಈಜಲಾಗದಿದ್ದರೆ ಗಾಬರಿಯಾಗದೆ ತೇಲಿಕೊಂಡು ಕೈಯೆತ್ತಿದರೆ ಬದುಕುವ ಅವಕಾಶವಿದೆ. ಮೀನುಗಾರರ ಮನೆಯ ಮಕ್ಕಳು ಇದನ್ನು ಅಕ್ಷರ ಕಲಿಯುವ ಮೊದಲೇ ಕಲಿಯುತ್ತಾರೆ. ಕಂಡಿ ಒಂದೇ ಕಡೆ ನಿಲ್ಲುವುದಿಲ್ಲ, ಮರಳು ಸರಿದಂತೆ ಅದೂ ಸರಿಯುತ್ತದೆ, ಆದ್ದರಿಂದ ಪ್ರತಿ ಬೆಳಗ್ಗೆ ಯಾರಾದರೊಬ್ಬರು ನೋಡಿ ಗುರುತಿಸಬೇಕು. 'ಸಮುದ್ರವು ಪ್ರಕ್ಷುಬ್ಧವಾಗಿದೆ' ಎಂಬ ಫಲಕದಲ್ಲಿ ಅದಕ್ಕೆ ಜಾಗವಿಲ್ಲ. ಅದನ್ನು ನಂಬುವವನು ಪ್ರಕ್ಷುಬ್ಧವಲ್ಲದ ಜಾಗವನ್ನು ಹುಡುಕಿಕೊಂಡು ನೇರವಾಗಿ ಕಂಡಿಗೇ ಇಳಿಯುತ್ತಾನೆ.

ಮಾದರಿ ಇಲ್ಲವೆಂದಲ್ಲ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಅದಕ್ಕೆ 33 ಮಾನದಂಡಗಳಿವೆ; ಜೀವರಕ್ಷಕರಿರಬೇಕು, ತೀರದ ನಕ್ಷೆ ಹಾಕಿರಬೇಕು, ಸ್ನಾನದ ನೀರಿನಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆಯೆಂಬುದನ್ನೂ ಪರೀಕ್ಷಿಸಿ ಫಲಕದಲ್ಲಿ ತೋರಿಸಬೇಕು. ಅಂದರೆ ವಿದೇಶದ ಸಂಸ್ಥೆಯೊಂದು ಬಾವುಟ ಕೊಡುವುದಾದರೆ ಕಣ್ಣಿಗೆ ಕಾಣದ ಕ್ರಿಮಿಯನ್ನೂ ಎಣಿಸಿ ಬರೆಯಬಲ್ಲೆವು. ಮಿಕ್ಕ ತೀರಗಳಲ್ಲಿ ಎರಡಾಳೆತ್ತರದ ಅಲೆಯೂ ನಮ್ಮ ಎಣಿಕೆಗೆ ಸಿಗುವುದಿಲ್ಲ. ಸುಮಾರು 320 ಕಿಲೋಮೀಟರಿನ ಕರಾವಳಿಗೆ ಎರಡು ನೀಲಿ ಬಾವುಟ, ಉಳಿದುದೆಲ್ಲ ಕೆಂಪು.

ನನಗೆ ತೋಚುವ ಉಪಾಯ ಅವಮಾನವಾಗುವಷ್ಟು ಅಗ್ಗದ್ದು. ಪ್ರತಿ ತೀರದಲ್ಲಿ ಒಂದು ಕರಿಹಲಗೆ. ಬೆಳಗ್ಗೆ ಆರಕ್ಕೆ ಜೀವರಕ್ಷಕ ಅದನ್ನು ಒರೆಸಿ ಅಂದಿನ ದಿನಾಂಕ, ಅಲೆಯ ಎತ್ತರ, ಎಷ್ಟು ಸೆಕೆಂಡಿಗೊಂದು, ಗಾಳಿ ತೆಂಕಣದ್ದೋ ಬಡಗಣದ್ದೋ, ಭರತ ಮತ್ತು ಇಳಿತದ ಹೊತ್ತು, ಸೆಳೆತವಿರುವ ಜಾಗ ಯಾವುದು ಎಂದು ಬರೆಯುವುದು, ಮಧ್ಯಾಹ್ನ ಬದಲಾದರೆ ಮತ್ತೆ ಒರೆಸಿ ಬರೆಯುವುದು. ಬಾವುಟವನ್ನು ಇಳಿಸಲೂ ಬರುತ್ತದೆ ಎಂಬುದನ್ನು ಜನರಿಗೆ ತೋರಿಸುವುದು, ಆಗ ಏರಿಸಿದಾಗ ನಂಬುತ್ತಾರೆ. ಆ ಜೀವರಕ್ಷಕನನ್ನು ಗುತ್ತಿಗೆಯ ಮೇಲೆ ಆರು ತಿಂಗಳಿಗೆ ತಂದು ಸಂಬಳಕ್ಕಾಗಿ ಅಲೆದಾಡಿಸದಿರುವುದು.

ಇದಕ್ಕೆ ಇರುವ ಅಡ್ಡಿ ಒಂದೇ: ದಿನಾಂಕ ಹಾಕಿ ಬರೆದದ್ದು ತಪ್ಪಾಗಬಹುದು, ತಪ್ಪಾದರೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ. ಕರಿಹಲಗೆ ಯಾರದ್ದು? ಪ್ರವಾಸೋದ್ಯಮ ಇಲಾಖೆ ಪಂಚಾಯಿತಿಯನ್ನು ತೋರಿಸುತ್ತದೆ, ಪಂಚಾಯಿತಿ ಬೀಚ್ ಅಭಿವೃದ್ಧಿ ಸಮಿತಿಯನ್ನು, ಸಮಿತಿ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು, ಪ್ರಾಧಿಕಾರ ಕರಾವಳಿ ಕಾವಲು ಪೊಲೀಸರನ್ನು. ಅವರ ದೋಣಿಗೆ ಡೀಸೆಲ್ ಬೇಕಾಗಿರುವುದರಿಂದ ಅವರು ಯಾರನ್ನೂ ತೋರಿಸುವ ಸ್ಥಿತಿಯಲ್ಲಿರುವುದಿಲ್ಲ. ಹೆಣ ದಡಕ್ಕೆ ಬಂದಾಗ ಮಾತ್ರ ಅದು ಯಾವ ಠಾಣೆಯ ವ್ಯಾಪ್ತಿ ಎಂಬುದು ಅರ್ಧ ಗಂಟೆಯೊಳಗೆ ನಿರ್ಧಾರವಾಗುತ್ತದೆ. ಆದ್ದರಿಂದ ನನ್ನ ಸಲಹೆಯನ್ನು ಯಾರಾದರೂ ಕಡತಕ್ಕೆ ಸೇರಿಸುವುದಾದರೆ ಹಲಗೆಯನ್ನು ಊರಿನ ಶಾಲೆಯಿಂದ ಎರವಲು ತರುವುದು ಲೇಸು, ರಜೆಯಿರುವುದರಿಂದ ಅದು ಹೇಗೂ ಖಾಲಿ ಇದೆ. ಸೀಮೆಸುಣ್ಣಕ್ಕೆ ಟೆಂಡರ್ ಕರೆಯಲೇಬೇಕೆಂದಿದ್ದರೆ ಈಗಲೇ ಕರೆಯಲಿ. ಮುಂದಿನ ಮುಂಗಾರಿನ ಹೊತ್ತಿಗಾದರೂ ಅದು ತೀರಕ್ಕೆ ತಲುಪೀತು.